ಒಂದು ಲ್ಯಾಪ್‌ಟಾಪಿಗೆ ಎರಡು ಸಂಸಾರ

"ಇವತ್ತು ಮಧ್ಯಾಹ್ನ ಎಲೆ ಮುಂದೆ ಕುಂತ್ಕಳೋದ್ರೊಳಗೆ ಈ ಒಂದು ಪೆಟ್ಟಿಗೇಲಿ ಎರಡು ಸಂಸಾರ ನಡೀತಿರ್ತೈತೆ, ನೋಡ್ತಾ ಇರಿ!"

ಭಾನುವಾರ ಬೆಳಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ರಾಜಗೋಪಾಲ್ ಹೀಗೆ ಘೋಷಿಸಿದಾಗ, ಹೆಂಡತಿ ಜಯಪ್ರಿಯಾ ದೋಸೆ ಮಗುಚುವುದನ್ನು ಮರೆತು ಅಡುಗೆಮನೆಯಿಂದ ಇಣುಕಿದಳು. ಮಗ್ಗದ ಪಕ್ಕ ಕಾಲು ಚಾಚಿ ಕೂತಿದ್ದ ತಾಯಿ ವೆಂಕಟಲಕ್ಷ್ಮಮ್ಮನ ಕಿವಿ ನೆಟ್ಟಗಾಯಿತು. ಮಾರಂಡಹಳ್ಳಿಯಿಂದ ಸೇಲಂನ ಈ ನೇಕಾರರ ಬೀದಿಗೆ ಸೊಸೆಯಾಗಿ ಬಂದು ಯಾವ ಕಾಲವಾಯಿತೋ, ಆಕೆಯ ನಾಲಗೆ ಮಾತ್ರ ಇನ್ನೂ ಆ ಊರಿನ ಹೊಲದ ಬದುವಿನಲ್ಲೇ ಓಡಾಡುತ್ತಿತ್ತು.

"ಲೇ ರಾಜಾ, ಇರೋ ಒಂದು ಸಂಸಾರಕ್ಕೇ ಗ್ಯಾಸು ಬುಕ್ ಮಾಡೋದು ಮರೀತೀಯ. ಎರಡನೇದ್ನ ಎಲ್ಲಿ ಮಡಗೀಯ?"

"ಅವ್ವಾ, ಇದು ಕಂಪ್ಯೂಟರ್ ಸಂಸಾರ! ವಿಂಡೋಸ್ ಒಂದ್ ಕಡೆ, ಲಿನಕ್ಸ್ ಒಂದ್ ಕಡೆ. ಬೇಕಾದಾಗ ಬೇಕಾದ್ದು. ಇದ್ಕೆ ಡ್ಯುಯಲ್ ಬೂಟ್ ಅಂತಾರೆ."

"ಬೂಟಾ? ಮೊದ್ಲು ಕಿತ್ತೋಗಿರೋ ಆ ಚಪ್ಲಿ ಒಲಿಸ್ಕೊಂಡ್ ಬಾ!"

ರಾಜಗೋಪಾಲ್ ನೂಲಿನ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುವವನು. ಅಂಗಡಿಯ ಪ್ರಿಂಟರ್ ಕೆಟ್ಟಾಗ ಒಮ್ಮೆ ಅದರ ಪಕ್ಕೆಗೆ ಅವನು ಗುದ್ದಿದ್ದೇ ತಡ, ಅದು ಸರಿಹೋಗಿತ್ತು. ಅಂದಿನಿಂದ ಯಂತ್ರಲೋಕವೆಲ್ಲ ತನ್ನ ಅಂಗೈಯಲ್ಲಿದೆ ಎಂದು ಅವನ ನಂಬಿಕೆ. ಆದರೆ ಈ ಭಾನುವಾರದ ಸಾಹಸ ಬರೀ ಜಂಬಕ್ಕಲ್ಲ, ಹೆಂಡತಿಗಾಗಿ. ಇಷ್ಟು ವರ್ಷ ಬೇರೆಯವರು ಕೊಟ್ಟ ಡಿಸೈನ್‌ಗಳನ್ನೇ ನೇಯುತ್ತಿದ್ದ ಜಯಪ್ರಿಯಾ, ಲ್ಯಾಪ್‌ಟಾಪಿನಲ್ಲಿ ತಾನೇ ಬಿಡಿಸುವುದನ್ನು ಕಲಿತಿದ್ದಳು. ಅಂಚಿಗೆ ಹುಣಸೆ ಎಲೆ, ಸೆರಗಿಗೆ ರಾಗಿ ತೆನೆ! ಅತ್ತೆ ಹೇಳುತ್ತಿದ್ದ ಹೊಲದ ಕತೆಗಳನ್ನೆಲ್ಲ ಒಂದು ಸೀರೆಗೆ ತುಂಬಿಬಿಟ್ಟಿದ್ದಳು. ಅದನ್ನು ನೋಡಲು ರೇಷ್ಮೆ ಅಂಗಡಿಯ ಪಳನಿಯಪ್ಪನ್ ಅವರೇ ಅವತ್ತು ಸಂಜೆ ಮನೆಗೆ ಬರುವವರಿದ್ದರು. ಒಪ್ಪಿದರೆ ಬೀದಿಯ ಎಷ್ಟೋ ಮಗ್ಗಗಳ ಮೇಲೆ ಜಯಪ್ರಿಯಾಳ ರಾಗಿ ತೆನೆ ತೂಗುತ್ತದೆ. ಆದರೆ ಆ ಹಳೆಯ ಲ್ಯಾಪ್‌ಟಾಪು ಡಿಸೈನ್ ತೆರೆಯುವಷ್ಟರಲ್ಲಿ ಎದುರಿನವರಿಗೆ ಒಂದು ಕೋಳಿನಿದ್ದೆ ಮುಗಿಯುತ್ತಿತ್ತು.

"ಲಿನಕ್ಸ್ ಆಕಿದ್ರೆ ಪಟ್ ಅಂತ ತೆರ್ಕೊಂತೈತೆ. ಪಳನಿಯಪ್ಪನ್ ಕಣ್ ಮಿಟುಕ್ಸೋದ್ರೊಳಗೆ ಸೆರಗು ಮುಂದಿರ್ತೈತೆ!"

"ಏನುಂಗ, ಇವತ್ತೇ ಮಾಡ್ಬೇಕಾ? ನಾಳೆ ಮಾಡಿದ್ರೆ ಆಗಲ್ವಾ?" ಎಂದು ಗಂಡನನ್ನು ತಮಿಳಿನವರಂತೆ ಕರೆದು ಕೇಳಿದಳು ಜಯಪ್ರಿಯಾ, ಸಂತೆ ಚೀಲ ಕೈಗೆತ್ತಿಕೊಳ್ಳುತ್ತ. "ನನ್ನ ಡಿಸೈನೆಲ್ಲ ಅದ್ರಲ್ಲೇ ಐತೆ."

"ನಾನಿಲ್ವಾ?" ಎಂದ ರಾಜಗೋಪಾಲ್.

ಅದೇ ಅವಳ ಭಯವಾಗಿತ್ತು. ಆದರೂ ಗಂಡನ ಮುಖದಲ್ಲಿದ್ದ ಉತ್ಸಾಹ ನೋಡಿ, ಬೇಡ ಎನ್ನಲು ಮನಸ್ಸು ಬಾರದೆ ಹೊರಟಳು.

ಇತ್ತ ರಾಜಗೋಪಾಲ್ ಮೇಜಿನ ಡ್ರಾಯರ್ ಕೆದಕಿ ಹಸಿರು ಬಣ್ಣದ ಪೆನ್ ಡ್ರೈವ್ ಒಂದನ್ನು ಹಿಡಿದ. "ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?" ಎಂದು ಲ್ಯಾಪ್‌ಟಾಪು ಕೇಳಿತು. "ಅಳಿಸು!" ಎಂದು ಮಹಾರಾಜನಂತೆ ಅಪ್ಪಣೆ ಕೊಟ್ಟು, ಆ ಪೆನ್ ಡ್ರೈವಿನೊಳಗೆ ಲಿನಕ್ಸ್ ತುಂಬಿಸಿ, ಅಲ್ಲಿಂದ ಲ್ಯಾಪ್‌ಟಾಪಿಗೆ ಹಾಕುವ ಕೆಲಸ ಶುರುಮಾಡಿದ. ಅರ್ಧದಲ್ಲಿ ಲಿನಕ್ಸ್ ತಕರಾರು ತೆಗೆಯಿತು: ನಿಮ್ಮ ಡಿಸ್ಕು ನನಗೆ ಕಾಣುತ್ತಿಲ್ಲ, ಮೊದಲು ಸ್ಟೋರೇಜ್ ಸೆಟ್ಟಿಂಗ್ ಬದಲಿಸಿ ಬನ್ನಿ!

ರಾಜಗೋಪಾಲ್ ಹಳೆಯ ಸಹಪಾಠಿ ಚಿನ್ನರಾಜ್‌ಗೆ ಫೋನು ಹಚ್ಚಿದ. ಮೊರಪ್ಪೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಚಿನ್ನರಾಜ್‌ನ ಮನೆ ರೈಲ್ವೆ ಸ್ಟೇಷನ್ನಿನ ಬೆನ್ನಿಗೇ ಇದೆ.

"ಅದಾ? ಸುಲಭ ಕಣ್ಲಾ. ಆನ್ ಆಗೋವಾಗ ಬಯಾಸ್ ಒಳಕ್ಕೋಗು. ಸ್ಟೋರೇಜ್ ಅಂತ ಐತೆ ನೋಡು, ಅದನ್ನ ಎ.ಎಚ್.ಸಿ.ಐ.ಗೆ ಮಾತ್ಸು, ಬದ್ಲಾಯ್ಸು. ಆದ್ರೆ ಒಂದ್ ವಿಷ್ಯ, ಅದನ್ನ ಮಾತ್ಸೋಕ್ ಮುಂಚೆ..."

ಆಗಲೇ ರೈಲು ಬಂತು. ಚಿನ್ನರಾಜ್‌ನ ಮಾತಿನ ಮೇಲೆ ಬೋಗಿ ಬೋಗಿಯಾಗಿ ಧಡಧಡನೆ ಹಾಯ್ದುಹೋಗತೊಡಗಿತು.

"ಗೊತ್ತು ಗೊತ್ತು! ಅಷ್ಟೂ ಗೊತ್ತಿಲ್ದೆ ಇಳ್ದಿದೀನಾ?" ಎಂದು ರಾಜಗೋಪಾಲ್ ಫೋನು ಕುಕ್ಕಿದ.

ಬಯಾಸ್ ಎಂಬ ಮೂಲ ಸೆಟ್ಟಿಂಗ್‌ಗಳ ಪುಟ ತೆರೆಯಿತು. ಅಲ್ಲಿ ಸ್ಟೋರೇಜ್ ಮುಂದೆ ನೋಡಿದರೆ ಏನಿದೆ? 'ರೈಡ್ ಆನ್'! ಅಂಗಡಿ ಲೆಕ್ಕ ಬರೆಯುವವನ ಎದೆ ಧಸಕ್ಕೆಂದಿತು. ತೆರಿಗೆಯವರ ರೈಡ್ ಎಂಬ ಶಬ್ದ ಕೇಳಿದರೆ ನೂಲಿನ ಅಂಗಡಿಯಲ್ಲಿ ಯಜಮಾನರಿಂದ ಹಿಡಿದು ಬೆಕ್ಕಿನವರೆಗೂ ಹಿಂಬಾಗಿಲು ಹುಡುಕುತ್ತಾರೆ. ಅಂಥದ್ದು ತನ್ನ ಮನೆಯೊಳಗೇ, ತನಗೆ ಗೊತ್ತಿಲ್ಲದೆ, ಇಷ್ಟು ದಿನ ಆನ್ ಆಗಿತ್ತೇ! ಒಂದೇ ಏಟಿಗೆ ರೈಡನ್ನು ಎಬ್ಬಿಸಿ ಎ.ಎಚ್.ಸಿ.ಐ.ಯನ್ನು ಪೀಠಕ್ಕೇರಿಸಿದ. ಸೇವ್ ಮಾಡಿದ. ಲಿನಕ್ಸ್ ಹಾಕುವುದಕ್ಕೆ ಮುಂಚೆ ಹಳೆಯ ಸಂಸಾರವನ್ನು ಒಮ್ಮೆ ಮಾತಾಡಿಸೋಣವೆಂದು ವಿಂಡೋಸ್‌ಗೆ ದಾರಿಬಿಟ್ಟ.

ಪರದೆ ನೀಲಿಯಾಯಿತು. ಬೇಸರದ ಮುಖದ ಗುರುತೊಂದು ಮೂಡಿತು. ಆರಿತು. ಮತ್ತೆ ನೀಲಿ. ಮತ್ತೆ ಬೇಸರ!

ನಿಜ ಹೇಳಬೇಕೆಂದರೆ ವಿಂಡೋಸ್‌ನದೇನೂ ತಪ್ಪಿರಲಿಲ್ಲ. ನೇಯುವವನು ಊಟ ಮಾಡಿ ಬರುವಷ್ಟರಲ್ಲಿ ಯಾರೋ ಅವನ ಮಗ್ಗವನ್ನೇ ತಿರುಗಿಸಿಟ್ಟರೆ ಅವನು ಲಾಳಿ ಹಿಡಿದು ಎಲ್ಲಿ ಕೂರಬೇಕು?

"ಮಕ ನೀಲಿಗಟ್ಟೈತಲ್ಲೋ!" ವೆಂಕಟಲಕ್ಷ್ಮಮ್ಮ ಹಿಂದೆಯೇ ನಿಂತಿದ್ದರು. "ಏನಾರಾ ಕಡೀತಾ?"

"ಏನಿಲ್ಲವ್ವಾ, ಅಪ್‌ಡೇಟ್ ಆಯ್ತೈತೆ."

"ಇದು ಕಣ್ ದೃಷ್ಟಿ. ಆ ಸೀರೆ ಚಿತ್ರ ಬೀದಿಯೋರ್ಗೆಲ್ಲ ತೋರಿಸ್ಬೇಡಿ ಅಂತ ಬಡ್ಕೊಂಡೆ."

ಬೇಡವೆನ್ನುವಷ್ಟರಲ್ಲಿ ಉಪ್ಪು, ಮೆಣಸಿನಕಾಯಿ ಬಂದವು. ಲ್ಯಾಪ್‌ಟಾಪಿನ ಸುತ್ತ ನಿವಾಳಿಸಿ, ಒಲೆಗೆ ಸುರಿದು, ಮುಚ್ಚಳದ ಮೇಲೆ ವಿಭೂತಿ ಎಳೆದರು. ಮೆಣಸಿನ ಘಾಟಿಗೆ ಸೀನುತ್ತ, ಕಣ್ಣೀರು ಒರೆಸಿಕೊಳ್ಳುತ್ತ ರಾಜಗೋಪಾಲ್ ಸೆಟ್ಟಿಂಗನ್ನು ಮೊದಲಿದ್ದಂತೆಯೇ ತಿರುಗಿಸಿಟ್ಟ. "ಬಾಪ್ಪಾ ರೈಡು, ನೀನೇ ದೊಡ್ಡೋನು!"

ಈಗ ಬೇಸರದ ಮುಖ ಹೋಯಿತು. ಅದರ ಜಾಗದಲ್ಲಿ ಒಂದು ಪ್ರಶ್ನೆ ಬಂದು ಕೂತಿತು: ಯಾರೋ ಒಳಗೆ ಕೈಯಾಡಿಸಿದ್ದಾರೆ, ಡಿಸ್ಕಿಗೆ ಬೀಗ ಬಿದ್ದಿದೆ, ನೀವೇ ಒಡೆಯರಾದರೆ ಬೀಗದ ಸಂಖ್ಯೆ ಬರೆಯಿರಿ. ಕೆಳಗೆ ಖಾಲಿ ಮನೆಗಳ ಸಾಲು, ಸೀರೆಯಷ್ಟುದ್ದ!

ಮತ್ತೆ ಮೊರಪ್ಪೂರಿಗೆ ಫೋನು.

"ಅಯ್ಯೋ ಪಾವಿ! ಮಾತ್ಸೋಕ್ ಮುಂಚೆ ಸೇಫ್ ಮೋಡ್‌ಗೋಗು, ಬೀಗ ತೆಗ್ದಿಡು ಅಂದ್ನಲ್ಲೋ! ನೀನು ಗೊತ್ತು ಗೊತ್ತು ಅಂದೆ!"

"ನೀನು ಅದನ್ನ ಏಳೋವಾಗ ಟ್ರೈನ್ ಬಂತು ಕಣೋ!"

"ಟ್ರೈನ್ ಓಗೋತನಕ ಇರಕ್ಕಾಗ್ಲಿಲ್ವಾ? ಸರಿ ಬಿಡು, ಲ್ಯಾಪ್‌ಟಾಪ್ ತಂದಾಗ ಯಾರ ಅಕೌಂಟ್ ಆಕಿದ್ರೋ, ಆ ಅಕೌಂಟಲ್ಲಿ ನಂಬರ್ ಇರ್ತೈತೆ."

ಅಕೌಂಟ್ ಇನ್ಯಾರದ್ದು? ಮನೆಯ ಯಜಮಾನನದ್ದೇ! ರಾಜಗೋಪಾಲ್ ನೆಮ್ಮದಿಯ ಉಸಿರುಬಿಟ್ಟು ತನ್ನ ಅಕೌಂಟ್ ತೆರೆದ. ಅಲ್ಲಿ ಲ್ಯಾಪ್‌ಟಾಪಿನ ಸುಳಿವೇ ಇರಲಿಲ್ಲ. ಆಗ ನೆನಪಾಯಿತು. ಲ್ಯಾಪ್‌ಟಾಪು ತಂದ ದಿನ ತನ್ನ ಪಾಸ್‌ವರ್ಡ್ ಮರೆತು, ಮೀಸೆ ತಿರುವುತ್ತ, "ಸದ್ಯಕ್ಕೆ ನಿಂದೇ ಆಕು, ಆಮೇಲೆ ನಾನು ಮಾತ್ಸ್‌ಕೊಂತೀನಿ" ಎಂದು ಹೆಂಡತಿಗೆ ಹೇಳಿದ್ದು ಅವನೇ.

ಬಾಗಿಲಲ್ಲಿ ಚೀಲದ ಸದ್ದಾಯಿತು. ರಾಜಗೋಪಾಲ್ ಹೆಗಲ ಟವೆಲ್ಲನ್ನು ಲ್ಯಾಪ್‌ಟಾಪಿನ ಮೇಲೆ ಹೊದಿಸಿ ನಿಂತ. ಜಯಪ್ರಿಯಾ ಟವೆಲ್ ನೋಡಿದಳು, ಅದರಂಚಿನಿಂದ ಇಣುಕುತ್ತಿದ್ದ ವಿಭೂತಿ ನೋಡಿದಳು, ಗಾಳಿಯಲ್ಲಿದ್ದ ಮೆಣಸಿನ ಘಾಟು ಮೂಸಿದಳು.

"ಇದ್ಕೆ ಏನಾಯ್ತು?"

"ಜ್ವರ," ಎಂದರು ವೆಂಕಟಲಕ್ಷ್ಮಮ್ಮ.

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ರಾಜಗೋಪಾಲ್ ರೈಡಿನಿಂದ ರೈಲಿನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಜಯಪ್ರಿಯಾ ಕೂಗಾಡಲಿಲ್ಲ. ತರಕಾರಿ ಚೀಲ ಕೆಳಗಿಟ್ಟು, "ಓಗ್ಲಿ ಬಿಡಿ. ಇನ್ನೊಂದು ಕಾಪಿ ತೆಗ್ದಿಟ್ಟಿದೀನಿ" ಎಂದಳು. ರಾಜಗೋಪಾಲನಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು.

"ಡ್ರಾಯರಲ್ಲಿ ಐತೆ ನೋಡಿ, ಪಚ್ಚೆ ಕಲರ್ ಪೆನ್ ಡ್ರೈವು."

ರಾಜಗೋಪಾಲ್ ಲ್ಯಾಪ್‌ಟಾಪಿನ ಪಕ್ಕೆಯಲ್ಲಿ ಸಿಕ್ಕಿಸಿದ್ದ ಹಸಿರು ಪೆನ್ ಡ್ರೈವಿನತ್ತ ಬೆರಳು ತೋರಿಸಿದ. ಜಯಪ್ರಿಯಾ ಅಲ್ಲೇ ಮಗ್ಗದ ಹಲಗೆಯ ಮೇಲೆ ಕುಸಿದು ಕೂತಳು. ಈಗ ಅವಳ ಕಣ್ಣಲ್ಲಿ ಬಂದ ನೀರಿಗೆ ಮೆಣಸಿನಕಾಯಿ ಕಾರಣವಾಗಿರಲಿಲ್ಲ. ಅವಳು ರಾಗಿ ತೆನೆಯ ಒಂದೊಂದು ಕಾಳನ್ನೂ ಅಳಿಸಿ ಅಳಿಸಿ ಬಿಡಿಸಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದವನು ರಾಜಗೋಪಾಲ್.

"ನಂಬರ್ ನಿನ್ನ ಅಕೌಂಟಲ್ಲಿ ಐತಂತೆ, ಪ್ರಿಯಾ," ಎಂದ ಮೆಲ್ಲಗೆ. "ನಿನ್ನ ಪಾಸ್‌ವರ್ಡ್ ನೆನಪೈತಾ?"

"ಮರೆಯೋ ಕೆಲಸ ಈ ಮನೇಲಿ ನೀವೊಬ್ರೇ ಮಾಡೋದು," ಎಂದು ಕಣ್ಣೊರೆಸಿಕೊಂಡು ಅವಳು ಮೊಬೈಲು ತೆಗೆದಳು.

ಅಷ್ಟರಲ್ಲಿ ಪಳನಿಯಪ್ಪನ್ ಬಂದೇಬಿಟ್ಟರು! ಸಂಜೆ ಬರಬೇಕಾದವರು ಮಧ್ಯಾಹ್ನವೇ! "ಈ ಕಡೆ ಒಂದು ಮದ್ವೆ ನಿಶ್ಚಯಕ್ಕೆ ಬಂದಿದ್ದೆ. ಅಂಗೇ ನೋಡ್ಕೊಂಡ್ ಓಗೋಣಾಂತ," ಎಂದು ಜರಿ ಅಂಚಿನ ಪಂಚೆ ಸರಿಪಡಿಸಿಕೊಂಡು ಕುರ್ಚಿಯಲ್ಲಿ ಕೂತರು.

"ಒಂದು ನಿಮಿಷ ಸಾರ್," ಎಂದ ರಾಜಗೋಪಾಲ್. ಜಯಪ್ರಿಯಾ ಸಂಖ್ಯೆ ಓದತೊಡಗಿದಳು. ಶಾಲೆಯಲ್ಲಿ ಓದಿದ್ದೆಲ್ಲ ತಮಿಳಿನಲ್ಲಾದ್ದರಿಂದ ಗಾಬರಿಯಾದಾಗ ಅವಳ ಬಾಯಲ್ಲಿ ಎಂಟು ಎಟ್ಟಾಗಿ, ಐದು ಅಂಜಾಗಿ ಹೊರಡುತ್ತಿತ್ತು.

"ಎಟ್ಟು... ನಾಲು... ಅಂಜು... ಅಂಜು..."

"ಅಂಜು ಅಂಜು ಅಂತ ಅವನ್ನ ಇನ್ನೂ ಯಾಕೆ ಅಂಜ್ಸೀಯ?" ಎಂದರು ವೆಂಕಟಲಕ್ಷ್ಮಮ್ಮ. "ಆಗ್ಲೇ ಬೆವ್ತೋಗವ್ನೆ!"

"ಕನ್ನಡದಲ್ಲೇ ಏಳು," ಎಂದ ರಾಜಗೋಪಾಲ್.

ಇಲ್ಲೊಂದು ಸಂಗತಿ ತಿಳಿದಿರಬೇಕು. ಆ ಕಡೆಯವರ ನಾಲಗೆಯ ಮೇಲೆ ಹಕಾರ ನಿಲ್ಲುವುದಿಲ್ಲ. ಹಾಗಾಗಿ ಹೇಳುವುದೂ ಏಳು, ಎದ್ದೇಳುವುದೂ ಏಳು, ಆರರ ಮುಂದಿನ ಅಂಕಿಯೂ ಏಳು!

"ಏಳು ಇಲ್ಲಿಲ್ಲ. ಆರು ಐತೆ," ಎಂದಳು ಜಯಪ್ರಿಯಾ.

"ನಾನು ಏಳು ಅಂದಿದ್ದು ಬಾಯ್ಬಿಟ್ಟು ಏಳು ಅಂತ! ಸರಿ, ಆರು ಆಯ್ತು. ಮುಂದೇನು, ಏಳು."

"ಏಳು."

"ಏಳು ಅಂತ ನಾನ್ ಏಳ್ತಿದೀನಿ, ನೀನ್ ಏಳು!"

"ಅದನ್ನೇ ಏಳ್ತಿದೀನಲ್ಲ, ಏಳು!"

"ಏಳು ಏಳು ಅಂತ ಬಡ್ಕೊಂತೀರಲ್ಲ, ಇಗೋ ಎದ್ದೆ ಕಣ್ರೋ!" ವೆಂಕಟಲಕ್ಷ್ಮಮ್ಮ ಗೋಡೆ ಹಿಡಿದು ಎದ್ದು ನಿಂತರು. ಅವರನ್ನು ನೋಡಿ, ಈ ಮನೆಯ ಪದ್ಧತಿಯೇ ಹೀಗಿರಬೇಕೆಂದು ಪಳನಿಯಪ್ಪನ್ ಕೂಡ ಗೌರವದಿಂದ ಎದ್ದು ನಿಂತರು!

ಕೊನೆಗೆ ಜಯಪ್ರಿಯಾ ಗಂಡನನ್ನು ಪಕ್ಕಕ್ಕೆ ಸರಿಸಿ, ಮೊಬೈಲನ್ನು ಲ್ಯಾಪ್‌ಟಾಪಿಗೆ ಆನಿಸಿ, ತಾನೇ ಸಂಖ್ಯೆ ಒತ್ತಿದಳು. ಪರದೆ ಕಪ್ಪಾಯಿತು. ರಾಜಗೋಪಾಲ್ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದ. ಸುತ್ತುವ ಚುಕ್ಕೆಗಳು ಸುತ್ತಿ ಸುತ್ತಿ ನಿಂತವು. ವಿಂಡೋಸ್ ಏನೂ ಆಗಿಲ್ಲವೆಂಬಂತೆ ಮುಖ ತೋರಿಸಿತು! ಎಂದಿನ ಹಾಗೆ ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಹುಣಸೆ ಎಲೆಯ ಅಂಚು ಮೂಡಿತು. ಆಮೇಲೆ ಸೆರಗಿನ ತುಂಬ ರಾಗಿ ತೆನೆ.

"ಇದು ನಮ್ಮ ಮಾರಂಡಳ್ಳಿ ರಾಗಿ!" ಎಂದು ವೆಂಕಟಲಕ್ಷ್ಮಮ್ಮ ಪರದೆಯನ್ನು ಸವರಿದರು.

ಪಳನಿಯಪ್ಪನ್ ಕನ್ನಡಕ ಏರಿಸಿ, ಬಗ್ಗಿ, ತುಂಬಾ ಹೊತ್ತು ನೋಡಿದರು. "ಚೆನ್ನಾಗೈತಮ್ಮಾ. ತೆನೆ ಬಗ್ಗಿರೋದು ಚೆನ್ನಾಗೈತೆ. ಅದ್ಕಿಂತ ನಂಗೆ ಇಷ್ಟ ಆಗಿದ್ದು ಇನ್ನೊಂದು. ಬೇರೆಯೋರೆಲ್ಲ ಡಿಸೈನ್ನ ವಾಟ್ಸಾಪಲ್ಲಿ ಕಳಿಸ್ತಾರೆ. ನಾನ್ ನೋಡೋಕ್ ಮುಂಚೆ ಊರೆಲ್ಲ ನೋಡಿರ್ತೈತೆ. ನೀವು ಇಷ್ಟು ದೊಡ್ಡ ಪೂಟ್ಟು ಆಕಿಟ್ಟಿದೀರ! ಮನೆಯೋರೇ ತೆಗಿಯಕ್ಕಾಗದಂಥ ಬೀಗ! ಇದಲ್ವಾ ನಂಬಿಕೆ?"

"ಅದು ಸಾರ್, ಸೆಕ್ಯೂರಿಟಿ ವಿಷಯದಲ್ಲಿ ನಾನು ಸ್ವಲ್ಪ..." ಎಂದು ರಾಜಗೋಪಾಲ್ ಎದೆಯುಬ್ಬಿಸಿದ. ಜಯಪ್ರಿಯಾ ತಿರುಗಿ ನೋಡಿದಳು. ಉಬ್ಬಿದ ಎದೆ ಹಾಗೇ ಇಳಿಯಿತು.

ಡಿಸೈನ್ ಒಪ್ಪಿಗೆಯಾಯಿತು. ಮೊದಲ ಸೀರೆ ಜಯಪ್ರಿಯಾಳ ಮಗ್ಗದಲ್ಲೇ, ಅದು ಸರಿಹೋದರೆ ಬೀದಿಯ ಉಳಿದ ಮಗ್ಗಗಳಿಗೂ ಅದೇ ಎಂದು ಪಳನಿಯಪ್ಪನ್ ಮಾತುಕೊಟ್ಟು ಹೋದರು. ಅಂದು ಮಧ್ಯಾಹ್ನ ಎಲೆ ಮುಂದೆ ಕೂತಾಗ ಪೆಟ್ಟಿಗೆಯಲ್ಲಿ ನಡೆಯುತ್ತಿದ್ದದ್ದು ಒಂದೇ ಸಂಸಾರವಾದರೂ, ಮನೆಯ ಸಂಸಾರಕ್ಕೆ ಪಾಯಸವಿತ್ತು.

ಮುಂದಿನ ಭಾನುವಾರ ರಾಜಗೋಪಾಲ್ ಹೊಲಿಸಿದ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಾಗ ಜಯಪ್ರಿಯಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಫೋನಿನ ಆ ಕಡೆ ಚಿನ್ನರಾಜ್. "ಅಣ್ಣಾ, ಟ್ರೈನ್ ಬರ್ತಿರೋ ಅಂಗೈತೆ. ಅದು ಓಗ್ಲಿ, ಆಮೇಲೆ ನಿಧಾನಕ್ಕೆ ಏಳಿ," ಎನ್ನುತ್ತಿದ್ದಳು. ಡಿಸೈನ್‌ಗಳನ್ನು ಬೇರೆ ಕಡೆ ತೆಗೆದಿಟ್ಟು, ಬೀಗ ಬಿಚ್ಚಿ, ಸೇಫ್ ಮೋಡಿಗೆ ಹೋಗಿ, ಆಮೇಲೆ ಸೆಟ್ಟಿಂಗ್ ಬದಲಿಸಿದಳು. ವಿಂಡೋಸ್ ಮುನಿಸಿಕೊಳ್ಳಲಿಲ್ಲ, ಲಿನಕ್ಸ್ ತಕರಾರು ತೆಗೆಯಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ ಜಗಳವಿಲ್ಲದೆ ಶುರುವಾದವು. ಹೊಸದರಲ್ಲಿ ರಾಗಿ ತೆನೆ ಪಟ್ಟನೆ ತೆರೆಯಿತು!

"ನಾನ್ ಏಳ್ಲಿಲ್ವಾ? ಪಟ್ ಅಂತ ತೆರ್ಕೊಂತೈತೆ ಅಂತ!" ಎಂದು ರಾಜಗೋಪಾಲ್ ಕುರ್ಚಿ ಎಳೆದುಕೊಂಡ. "ಎಲ್ಲಿ, ನನ್ನ ಅಕೌಂಟ್ ತೋರ್ಸು."

ಪರದೆಯ ಮೇಲೆ ಮೂರು ಹೆಸರುಗಳಿದ್ದವು. ಮೇಲೆ 'ಜಯಪ್ರಿಯಾ', ಎಲ್ಲ ಅಧಿಕಾರದೊಂದಿಗೆ. ಅದರ ಕೆಳಗೆ 'ಅವ್ವ', ಭಜನೆ ಕೇಳುವುದಕ್ಕೆ. ಕೊನೆಯಲ್ಲಿ ಒಂದು ಮೂಲೆಯಲ್ಲಿ, 'ನೆಂಟ'.

"ಇದ್ಯಾರು ನೆಂಟ?"

"ನೀವೇ. ಗೆಸ್ಟ್ ಅಕೌಂಟು."

"ಏಯ್! ನನ್ನ ಮನೇಲೇ ನಾನು ನೆಂಟನಾ?"

"ನೆಂಟ್ರು ಅಂದ್ರೆ ಎಷ್ಟು ಮರ್ಯಾದೆ! ಆರಾಮಾಗಿ ಕುಂತ್ಕಳಿ, ಕಾಪಿ ತತ್ತೀನಿ," ಎಂದು ಜಯಪ್ರಿಯಾ ನಗುತ್ತ ಎದ್ದಳು. ಬಾಗಿಲ ಬಳಿ ನಿಂತು, ಬೆರಳೆತ್ತಿ ಸೇರಿಸಿದಳು: "ಆದ್ರೆ ನೆಂಟ್ರು ಮನೆ ಸಾಮಾನು ಮುಟ್ಬಾರ್ದು!"