ಕುರಿ ಹಟ್ಟಿಯಿಂದ ಆರ್ಟ್ಸ್ ಕಾಲೇಜಿಗೆ

ಮನಿಯೊಳಗ ಮೊದಲ ಸಲ ಕಾಲೇಜು ಕಂಡವರಿಗೆ ದಿನಾ ಒಂದು ಫಜೀತಿ ಆಗೇ ಆಗ್ತೈತಿ. ಆಗಲಿಲ್ಲಂದ್ರ ಅವತ್ತು ಬಸ್ ಬಂದಿಲ್ಲಂತ ತಿಳೀಬೇಕು.

ನಾವು ಅಗರಖೇಡ ಕಡೆಯವರು, ಕುರಿ ಕಾಯೋ ಮಂದಿ. ಪಿಯುಸಿ ಪಾಸಾದ ಮ್ಯಾಲ ಇಂಡಿಯೊಳಗಿನ ಒಂದು ಸಣ್ಣ ಆರ್ಟ್ಸ್ ಕಾಲೇಜಿನ್ಯಾಗ ಬಿ.ಎ. ಓದತೇನಿ ಅಂತ ನಾ ಹಟಾ ಹಿಡದೆ. ಅಷ್ಟೊತ್ತಿಗೆ ಬಸವನ ಬಾಗೇವಾಡಿಯವರು ತಮ್ಮ ಮಗಗ ನನ್ನ ಕೇಳಿದ್ರು. ಹುಡುಗ ಛಲೋ ಅದಾನ, ಮನಿತನಾ ಛಲೋ ಐತಿ ಅಂತ ಅಪ್ಪ ಅಂದ. ಕಾಲೇಜೂ ಛಲೋ ಐತಿ ಅಂತ ನಾ ಅಂದೆ. ಅಂದು, ಉಣ್ಣೂದು ಬಿಟ್ಟು ಕುಂತೆ. ಕಡೀಕ ಅಪ್ಪ ಒಂದು ಕರಾರು ಹಾಕಿದ. ಒಂದು ವರ್ಷ ನೋಡೂಣು, ಕಾಲೇಜು ನಮ್ಮಂಥವರಿಗೆ ಒಗ್ಗಲಿಲ್ಲಂದ್ರ ಸುಮ್ಮನ ಬಂದು ಮದವಿ ಆಗಬೇಕು ಅಂತ. ಬಾಯಿಲೆ ನಾ ‘ಆತು’ ಅಂದೆ. ಮೂರೂ ವರ್ಷ ಮುಗಿಸೇ ತೀರತೇನಿ ಅಂತ ಹೊಟ್ಯಾಗ ಇಟ್ಕೊಂಡೆ.

ಹವ್ಯಾಸ

ಮೊದಲನೇ ದಿನಾನ ಸರ್ ಒಬ್ಬೊಬ್ಬರನ್ನೂ ಎಬ್ಬಿಸಿ ಹೆಸರು, ಊರು, ಹವ್ಯಾಸ ಹೇಳ್ರಿ ಅಂದ್ರು. ಮುಂದಿನ ಬೆಂಚಿನ್ಯಾಗ ಡಾಕ್ಟರ ಮಗಳಿದ್ದಳು. ಆಕೀದು ಸಂಗೀತ ಕೇಳೂದು. ಬುಲೆಟ್ ಮ್ಯಾಲ ಬರೋ ಗೌಡರ ಮಗಂದು ಟ್ರಾವೆಲಿಂಗ್. ಗೋವಾಕ್ಕ, ಊಟಿಗೆ ಹೋಗಿ ಬಂದದ್ದು ಎಲ್ಲಾ ಹೇಳಿದ.

ನಮ್ಮ ಮನ್ಯಾಗ ಯಾರೂ ಹವ್ಯಾಸ ಸಾಕಿದವರಲ್ಲ. ಪುರಸೊತ್ತು ಸಿಕ್ಕರ ಮಲಗತೇವಿ. ಆದ್ರ ಹಿಂದ ಸರಿಯೂದು ಯಾಕಂತ ನಾನೂ ಎದ್ದು, ನಂದೂ ಟ್ರಾವೆಲಿಂಗ್ ರಿ ಸರ್ ಅಂದೆ. ವರ್ಷಾ ತಿಂಗಳಗಟ್ಟಲೆ ಮನಿ ಬಿಟ್ಟು ಸಿಂದಗಿ, ದೇವಣಗಾಂವ, ಮುದ್ದೇಬಿಹಾಳ ಸೀಮಿ ಎಲ್ಲಾ ತಿರಗತೇವಿ, ಬಯಲಾಗ ಗುಡಾರ ಹಾಕಿ ಮಲಗತೇವಿ ಅಂದೆ. ಸರ್ ಖುಷಿ ಆಗಿಬಿಟ್ರು. ನೋಡ್ರಿ, ಇದು ಖರೇ ಪ್ರವಾಸ ಅಂತ ಎಲ್ಲರಿಗೂ ಹೇಳಿ, ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಮನ್ಯಾಗ ಯಾರು ಠರಾಸ್ತಾರ ಅಂತ ನನ್ನ ಕೇಳಿದ್ರು.

“ಕುರಿ ರಿ ಸರ್,” ಅಂದೆ.

ನಮ್ಮನ್ನ ನೋಡಾಕ ಬಂದ ನಾವು

ಸಮಾಜಶಾಸ್ತ್ರದ ಸರ್ ಒಂದಿನ ಮೇಲ್ವರ್ಗ, ಮಧ್ಯಮ ವರ್ಗ, ಕೆಳವರ್ಗ ಅಂತ ಪಾಠಾ ಮಾಡಿ, ಯಾರ್ಯಾರು ಯಾವುದರಾಗ ಬರ್ತೀರಿ, ಕೈ ಎತ್ರಿ ಅಂದ್ರು. ಡಾಕ್ಟರ ಮಗಳು ಮಧ್ಯಮದಾಗ ಕೈ ಎತ್ತಿದಳು. ಗೌಡರ ಮನ್ಯಾಗ ಎರಡು ಟ್ರ್ಯಾಕ್ಟರ್, ಒಂದು ಜೀಪು, ಆಳುಮಕ್ಕಳು ಅದಾವ. ಆ ಮಗಾನೂ ಮಧ್ಯಮ. ನಾ ಒಬ್ಬಾಕೀನ ಯಾಕ ಕೆಳಗ ಕೂಡಲಿ ಅಂತ ನಾನೂ ಕೈ ಎತ್ತಿದೆ. ಸರ್ ಅವರಿಗೆ ಪೇಚಾತು. ಬಾಕಿ ಎರಡು ವರ್ಗ ನೋಡಾಕ ವಿದ್ಯಾರ್ಥಿಗಳ ಸಿಗವಲ್ರು. ಕಡೀಕ, ಹಳ್ಳಿಗೆ ಹೋಗಿ ಕುರಿ ಕಾಯೋರ ಜೀವನ ಅಭ್ಯಾಸ ಮಾಡೂಣು ಅಂತ ಠರಾಸಿದ್ರು. ಯಾವ ಹಳ್ಳಿ ಅಂತ ವಿಚಾರ ಮಾಡಿ ಮಾಡಿ ನಮ್ಮೂರನ್ನ ಹುಡುಕಿದ್ರು. ಊರಾಗ ಹೋಗಿ ಕುರಿ ಕಾಯೋರ ಮನಿ ಯಾವುದಂತ ಕೇಳಿದ್ರ ಮಂದಿ ಸೀದಾ ನಮ್ಮನಿ ತೋರಿಸಿದ್ರು.

ಇಡೀ ಕ್ಲಾಸು ನಮ್ಮ ಅಂಗಳದಾಗ ಕುಂತಿತು. ನಾನೂ ಪೆನ್ನು ಹಿಡಕೊಂಡು ಅವರ ನಡುವ ಕುಂತಿದ್ದೆ. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ನನ್ನ ಒಂದು ನಮೂನಿ ನೋಡಿದಳು. ಬಂದವರು ಹಸದು ಹೋಗಬಾರದು ಅಂತ ಅವ್ವ ರೊಟ್ಟಿ ಬಡದಾ ಬಡದಳು. ಹಿಟ್ಟಿನ ಡಬ್ಬಿ ತಳಾ ಕಂಡಿತು, ಆ ಮ್ಯಾಲ ಬಾಜೂಮನಿ ಡಬ್ಬಿನೂ ಕಂಡಿತು. ಡಾಕ್ಟರ ಮಗಳು ನೀರು ಎಲ್ಲಿಂದ ತರ್ತೀರಿ, ದವಾಖಾನಿ ಎಷ್ಟು ದೂರ ಐತಿ ಅಂತ ಭಾಳ ನಯವಾಗಿ ಕೇಳಿಕೋತ ಬಂದಳು. ಎಲ್ಲಾ ಮುಗದ ಮ್ಯಾಲ, “ಆಯಿ, ನಿಮ್ಮ ಮನಿಯ ಮುಖ್ಯ ಸಮಸ್ಯೆ ಯಾವುದು?” ಅಂತ ಕೇಳಿದಳು.

ಆಯಿ ಎಲ್ಲಾರನ್ನೂ ಒಮ್ಮೆ ಎಣಿಸಿದಂಗ ನೋಡಿ, “ಸದ್ಯಕ್ಕ ನೀವ, ಯವ್ವಾ,” ಅಂದಳು.

ಡಾಕ್ಟರ ಮಗಳು ಅದನ್ನೂ ಬರಕೊಂಡಳು. ನಾವು ನಕ್ಕದ್ದು ನಕ್ಕಿವಿ, ಆದ್ರ ಅಪ್ಪ ನಗಲಿಲ್ಲ. ಸಂಜಿಕ ನನ್ನ ಕರದು, “ನಮ್ಮನಿ ನೋಡಾಕ ನೀ ಇಂಡಿ ತನಕಾ ಹೋಗಿ ಬರಬೇಕೇನ?” ಅಂದ.

ಫಸ್ಟ್ ಪ್ರೈಜು

ಮೊದಲ ಸೆಮಿಸ್ಟರಿನ್ಯಾಗ ನನಗ ಸೆಕೆಂಡ್ ಕ್ಲಾಸು ಬಂತು. ವರ್ಷ ಮುಗಿಯೂಕಿಂತ ಮೊದಲ ಕಾಲೇಜಿನ್ಯಾಗ ಸಾಂಪ್ರದಾಯಿಕ ದಿನ ಇಟ್ರು. ಹಳ್ಳಿ ವೇಷ ಹಾಕ್ಕೊಂಡು ಸ್ಟೇಜಿನ ಮ್ಯಾಲ ನಡದು ತೋರಿಸಬೇಕು, ಛಲೋ ಕಂಡವರಿಗೆ ಬಹುಮಾನ. ಡಾಕ್ಟರ ಮಗಳು ಇಳಕಲ್ ಸೀರಿ ಉಟ್ಟು ತಲಿ ಮ್ಯಾಲ ಖಾಲಿ ಕೊಡ ಹೊತ್ತಿದ್ದಳು. ಗೌಡರ ಮಗ ಕುರಿ ಕಾಯವ ಆಗಿದ್ದ. ಅಂಗಡಿಯ ಮಡಿಕಿ ಬಿಚ್ಚದ ಹೊಸಾ ಕಂಬಳಿ, ಅಂಟಿಸಿದ ಮೀಸಿ, ಕಾಲಾಗ ಬಿಳೀ ಬೂಟು. ನಾ ಮಾತ್ರ ಚೂಡಿದಾರ ಹಾಕ್ಕೊಂಡು ಹಿಂದ ಕುಂತಿದ್ದೆ.

ಅವತ್ತ ಅಪ್ಪ ಇಂಡಿಗೆ ಬಂದ. ಮರುದಿನ ಹೆಣ್ಣು ನೋಡಾಕ ಬರ್ತೇವಿ ಅಂತ ಬಾಗೇವಾಡಿಯವರು ಫೋನ್ ಮಾಡಿದ್ರಂತ. ಈ ಕಾಲೇಜು ನಮಗ ಒಗ್ಗಂಗಿಲ್ಲ, ನನ್ನ ಬಿಡಿಸಿ ಕರಕೊಂಡು ಹೋಗೂದು ಅಂತ ಮನಸು ಗಟ್ಟಿ ಮಾಡ್ಕೊಂಡು, ಹಟ್ಟಿಯಿಂದ ಸೀದಾ ಬಸ್ ಹತ್ತಿದ್ದ. ಧೋತರ, ರುಮಾಲ, ಹೆಗಲ ಮ್ಯಾಲ ಕಂಬಳಿ, ಕೈಯಾಗ ಕುರಿ ಕಾಯೋ ಕೋಲು. ಗೇಟಿನ್ಯಾಗಿನ ಹುಡುಗರು ಅವನ್ನ ನೋಡಿದವರ, ಎಷ್ಟು ತಡಾ ಮಾಡ್ತೀರಿ ಅಂತ ಕೈ ಹಿಡದು ವೇಷದವರ ಸಾಲಿನ್ಯಾಗ ನಿಲ್ಲಿಸಿದ್ರು. ಪ್ರಿನ್ಸಿಪಾಲರ ಭೇಟಿಗೆ ಸಾಲು ಹಚ್ಚಬೇಕು ಅಂತ ಅಪ್ಪ ತಿಳಕೊಂಡ. ಆಫೀಸುಗಳ ಮುಂದ ನಿಂತು ನಿಂತು ಅವಗ ಸಾಲು ರೂಢಿ.

ಅಪ್ಪ ಸ್ಟೇಜ್ ಹತ್ತಿದ್ದು ನೋಡಿ ನಾ ಮುಂದಿನವರ ಬೆನ್ನ ಹಿಂದ ತಲಿ ತಗ್ಗಿಸಿದೆ. ಬಹುಮಾನ ಆರಿಸಾಕ ಬಂದ ಹಿರಿಯರು ಮೈಕ್ ಕೊಟ್ಟು, ನಿಮ್ಮದು ಯಾವ ಪಾತ್ರ ಅಂತ ಕೇಳಿದ್ರು.

“ನಾ ಅಪ್ಪ ರಿ. ಮಗಳನ್ನ ಕಾಲೇಜು ಬಿಡಿಸಿ ಕರಕೊಂಡು ಹೋಗಾಕ ಬಂದೇನಿ.”

ಮಂದಿ ಚಪ್ಪಾಳಿ ಬಡದ್ರು. ಹಿರಿಯರಿಗೆ ರಂಗ ಏರಿತು. ಯಾಕ, ಹೆಣ್ಣಮಕ್ಕಳು ಕಲೀಬಾರದೇನು ಅಂತ ಮತ್ತ ಕೇಳಿದ್ರು.

“ಕಲೀಲಿ ರಿ, ನಾ ಎಲ್ಲಿ ಬ್ಯಾಡಂದೆ. ಆದ್ರ ಇಂಥಾ ಜಾಗಾದಾಗ ನಮ್ಮಂಥವರ ಮಕ್ಕಳನ್ನ ಯಾರು ಬಾ ಅಂತಾರ?”

ಸೀಟಿ ಮ್ಯಾಲ ಸೀಟಿ. ಹಿರಿಯರು ಕನ್ನಡಕ ತಗದು ಕಣ್ಣು ಒರಸ್ಕೊಂಡು, ಇಷ್ಟು ಸಹಜ ಅಭಿನಯ ತಾವು ಎಲ್ಲೂ ನೋಡಿಲ್ಲಂತ ಹೇಳಿ ಫಸ್ಟ್ ಪ್ರೈಜು ಕೊಟ್ಟು, ಒಂದು ಗ್ವಾಡಿ ಗಡಿಯಾರ ಅಪ್ಪನ ಕೈಯಾಗ ಇಟ್ರು. ಸೆಕೆಂಡ್ ಬಂದ ಗೌಡರ ಮಗ ಮೀಸಿ ಕಿತ್ತು ಎದ್ದು ನಿಂತ. ಇವರು ನಮ್ಮ ಕಾಲೇಜಿನವರ ಅಲ್ಲ, ಯಾರು ಕೇಳ್ರಿ ಅಂದ.

ಅವಗ ಉತ್ತರಾ ಕೊಡಾಕ ನಾ ಎದ್ದೆ.

“ಅವರು ವೇಷ ಹಾಕಿಲ್ರಿ. ಅವರು ನಮ್ಮಪ್ಪ. ನನ್ನ ಕರಕೊಂಡು ಹೋಗಾಕನ ಬಂದಾರ. ಆದ್ರ ನಾ ಹೋಗಂಗಿಲ್ಲ. ಮೂರು ವರ್ಷ ಇಲ್ಲೇ ಓದಿ ಮುಗಿಸತೇನಿ.”

ಮೊದಲ ಡಾಕ್ಟರ ಮಗಳು ಕೊಡ ಕೆಳಗಿಟ್ಟು ಚಪ್ಪಾಳಿ ಬಡದಳು, ಹಿಂದಿಂದ ಎಲ್ಲಾರೂ ಬಡದ್ರು. ಪ್ರಿನ್ಸಿಪಾಲರು ಪಾಪ, ನಿಯಮದ ಪ್ರಕಾರ ಬಹುಮಾನ ವಿದ್ಯಾರ್ಥಿಗಳಿಗಷ್ಟ ಅಂತ ಸಣ್ಣ ದನಿಲೆ ಹೇಳಾಕ ಹೋದ್ರು. ಅಷ್ಟರಾಗ ಅಪ್ಪ ಗಡಿಯಾರ ಕಂಬಳಿಯೊಳಗ ಸುತ್ತಿ ಬಗಲಾಗ ಇಟ್ಕೊಂಡಿದ್ದ. ಅಲ್ಲಿಂದ ಅದನ್ನ ತಗಿಯೋ ಧೈರ್ಯ ಯಾರಿಗೂ ಆಗಲಿಲ್ಲ.

ಬಸ್ ಸ್ಟ್ಯಾಂಡ್ ತನಕಾ ಅಪ್ಪ ಮುಂದ ಮುಂದ ನಡದ. ಬೈತಾನ ಅಂತ ತಿಳಕೊಂಡು ನಾ ಹಿಂದ ಹಿಂದ ನಡದೆ. ಬೈದ್ರೂ ಸೈ, ಹೊಡದ್ರೂ ಸೈ, ನಾಳೆ ಮುಂಜಾನಿ ಬಸ್ಸಿಗೆ ನಾ ಕಾಲೇಜಿಗೆ ಬರೂದ ಖರೆ ಅಂತ ಇದ್ದೆ. ಕಟ್ಟಿ ಮ್ಯಾಲ ಕುಂತ ಮ್ಯಾಲ ಅಪ್ಪ ಗಡಿಯಾರ ಹೊರಗ ತಗದು, ತಿರುವಿ ಮುರುವಿ ನೋಡಿ, ಸಾವಕಾಶ ಬಾಯಿ ಬಿಟ್ಟ.

“ನೀ ವರ್ಷಪೂರ್ತಿ ಬಂದು ಸೆಕೆಂಡ್ ಕ್ಲಾಸು. ನಾ ಒಂದ ದಿನಾ ಬಂದು ಫಸ್ಟು. ಇದು ನಮಗ ಒಗ್ಗದ ಕಾಲೇಜೇನಲ್ಲ.”

ಅಷ್ಟಂದು ಫೋನ್ ತಗದು ಬಾಗೇವಾಡಿಗೆ ಹಚ್ಚಿದ.

“ನಾಳೆ ಬರಬ್ಯಾಡ್ರಿ ಬೀಗರ. ಇನ್ನೂ ಎರಡು ವರ್ಷ ನಮಗ ಪುರಸೊತ್ತಿಲ್ಲ. ಮನ್ಯಾಗ ಇಬ್ಬರು ಕಾಲೇಜಿಗೆ ಹೊಂಟೇವಿ.”