ಕಾಡು ಸಾಸಿವೆಯೂ ನನ್ನ ಬ್ಲೋವರೂ

ಆ ದಿನ ಶಾರದಕ್ಕನ ಜಗುಲಿಯಲ್ಲಿ ಇದ್ದವರು ನಾಲ್ಕೇ ಜನ. ಮೊಣಕಾಲಿನ ಆಪರೇಷನ್ನಿಗೆಂದು ಶಿವಮೊಗ್ಗಕ್ಕೆ ಹೊರಟು ನಿಂತಿದ್ದ ಶಾರದಕ್ಕ, ಕರೆದೊಯ್ಯಲು ಕಾರು ತಂದಿದ್ದ ಅವರ ತಮ್ಮ ರಾಮಚಂದ್ರ, ನನ್ನ ಹೆಂಡತಿ ಗೀತಾ ಮತ್ತು ನಾನು. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಅಂದು ನಾನು ಆಡಿದ ಮಾತಿಗೆ ಮೂರು ಜನ ಸಾಕ್ಷಿಗಳಿದ್ದರು. ಆಮೇಲೆ 'ನಾನು ಹಾಗೆ ಹೇಳಿರಲೇ ಇಲ್ಲ' ಎಂದು ಜಾರಿಕೊಳ್ಳಲು ಆಗಲಿಲ್ಲ.

ಶಾರದಕ್ಕ ಸಾಗರದಲ್ಲಿ ನಮ್ಮ ಪಕ್ಕದ ಮನೆಯವರು, ನಿವೃತ್ತ ಹೊಲಿಗೆ ಟೀಚರು. ಮಳೆಗಾಲ ಬಂತೆಂದರೆ ಅವರ ಮನೆಯೆದುರಿನ ಎತ್ತರದ ಕಟ್ಟೆಯ ಮೇಲೆ ಡೇರೆ ಹೂವಿನ, ಅಂದರೆ ಡೇಲಿಯಾದ, ಕುಂಡಗಳು ಸಾಲಾಗಿ ನಿಲ್ಲುತ್ತವೆ. ಮಳೆಗಾಲದಲ್ಲಿ ನಮ್ಮೂರ ಹೆಂಗಸರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಡೇರೆ ಗಿಡವನ್ನು, ಆಮೇಲೆ ಮನೆಯವರ ಮುಖವನ್ನು. ಗೆಡ್ಡೆಗಳ ಕೊಡು-ಕೊಳ್ಳುವಿಕೆ ನೆಂಟಸ್ತಿಕೆಯಷ್ಟೇ ಗಂಭೀರವಾಗಿ ನಡೆಯುತ್ತದೆ. ಆ ವರ್ಷ ಶಾರದಕ್ಕ ತೀರ್ಥಹಳ್ಳಿಯ ಗೆಳತಿಯೊಬ್ಬರ ಮನೆಯಿಂದ ಕಪ್ಪುಗೆಂಪು ಬಣ್ಣದ ಡೇರೆ ಗೆಡ್ಡೆಯನ್ನು, ಅದರ ಮಣ್ಣಿನ ಸಮೇತ ತಂದು ನೆಟ್ಟಿದ್ದರು.

"ನೀರು ಹಾಕಕ್ಕೆ ಮಳೆ ಇದೆ ಗೀತಾ. ಕಳೆ ತೆಗ್ದು ಕೊಟ್ರೆ ಸಾಕು" ಎಂದರು ಶಾರದಕ್ಕ.

"ಅವಳಿಗ್ಯಾಕೆ ಹೇಳ್ತೀರಿ ಅಕ್ಕ, ನಾನಿಲ್ವಾ? ಕಳೆ ಕೀಳೋದು ಎಂತ ಮಹಾ ಕೆಲಸ? ಗೌರಿ ಹಬ್ಬಕ್ಕೆ ನೀವು ಬರ್ಬೇಕಾದ್ರೆ ನಿಮ್ ಕುಂಡದಲ್ಲಿ ಡೇರೆ ಬಿಟ್ಟು ಇನ್ನೊಂದು ಎಲೆ ಕಾಣಬಾರ್ದು, ಹಂಗಿಟ್ಟಿರ್ತೀನಿ" ಎಂದೆ ನಾನು.

ಶಾರದಕ್ಕ ನನ್ನ ಕಡೆ ಒಮ್ಮೆ ನೋಡಿ, ಗೀತಾಳ ಕಡೆ ಎರಡು ಸಲ ನೋಡಿ ಕಾರು ಹತ್ತಿದರು.

ನನ್ನದು ಮಿಕ್ಸಿ, ಮೋಟಾರು ರಿಪೇರಿ ಅಂಗಡಿ. ಸಾಗರದ ಅರ್ಧ ಊರಿನ ಚಟ್ನಿ ನುಣ್ಣಗಾಗುವುದು ನನ್ನ ಕೈಗುಣದಿಂದ ಎಂಬ ನಂಬಿಕೆ ನನಗಿದೆ. ಅಂಥವನಿಗೆ ಒಂದು ಕಳೆ ಯಾವ ಲೆಕ್ಕ?

ಕೆಲವು ದಿನಗಳಲ್ಲಿ ತೀರ್ಥಹಳ್ಳಿಯ ಡೇರೆಯ ಬುಡದಲ್ಲಿ ಪುಟ್ಟ ಗಿಡಗಳು ಕಾಣಿಸಿದವು. ನೆಲಕ್ಕೆ ಅಂಟಿಕೊಂಡು ರಂಗೋಲಿ ಬಿಡಿಸಿದ ಹಾಗೆ ಸುತ್ತಲೂ ಎಲೆ; ಒಂದೊಂದು ಎಲೆಯ ದಂಟಿಗೂ ಎದುರು ಬದುರು ಪುಟಾಣಿ ದುಂಡು ಎಲೆಗಳು. ಒಂದನ್ನು ಕಿತ್ತು ಮೂಸಿದೆ. ಬಾಯಿಗೂ ಹಾಕಿಕೊಂಡೆ. ಸಾಸಿವೆ ಅರೆದ ಹಾಗೆ ಮೂಗಿನ ತುದಿಗೆ ಖಾರ ಏರಿತು.

ಬೇರೆ ಊರಿನವನಾಗಿದ್ದರೆ ಉಗಿದು, ಗಿಡ ಕಿತ್ತೆಸೆದು, ಮನೆಗೆ ಹೋಗುತ್ತಿದ್ದ. ಆದರೆ ನಮ್ಮ ಕಡೆಯವರಿಗೆ ತಿನ್ನಲು ಬರುವ ಯಾವ ಸೊಪ್ಪು ಸಿಕ್ಕರೂ ಮೊದಲು ನೆನಪಾಗುವುದು ತಂಬುಳಿ. ಒಂದೆಲಗ, ದೊಡ್ಡಪತ್ರೆ, ಪೇರಲೆ ಚಿಗುರು, ಯಾವುದನ್ನೂ ನಾವು ಬಿಟ್ಟಿಲ್ಲ. ಒಂದು ಹಿಡಿ ಕಿತ್ತು ಗೀತಾಳ ಮುಂದಿಟ್ಟೆ.

"ಎಂತ ಸೊಪ್ಪು ಇದು?"

"ಹೆಸರು ಗೊತ್ತಿಲ್ಲ. ತಿಂದು ನೋಡಿದ್ದೀನಿ, ಇನ್ನೂ ಬದುಕಿದ್ದೀನಿ."

"ಇವತ್ತಿನ ಮಟ್ಟಿಗೆ" ಎಂದಳು ಗೀತಾ. ಹೊಸನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ತನ್ನ ತಂಗಿ ರೂಪಾಳಿಗೆ ಫೋಟೋ ಕಳಿಸಿ, ಅವಳು 'ತಿನ್ನಬಹುದು' ಎಂದ ಮೇಲೆಯೇ ಕಾಯಿತುರಿ, ಮಜ್ಜಿಗೆ ತೆಗೆದದ್ದು. ತಂಬುಳಿ ಎಷ್ಟು ರುಚಿಯಾಗಿತ್ತೆಂದರೆ ನಾನು ಲೋಟದಲ್ಲಿ ಬಿಟ್ಟುಕೊಂಡು ಕುಡಿದೆ.

ಅಲ್ಲಿಗೆ ಆ ಗಿಡ ನನ್ನ ದೃಷ್ಟಿಯಲ್ಲಿ ಕಳೆಯಾಗಿ ಉಳಿಯಲಿಲ್ಲ, ತರಕಾರಿಯಾಯಿತು. ತರಕಾರಿಯನ್ನು ಯಾರಾದರೂ ಕೀಳುತ್ತಾರೆಯೇ? ಬೆಳೆಯಲಿ ಎಂದು ಬಿಟ್ಟೆ. ಅದು ಬೆಳೆಯಿತು. ನಡುವಿನಿಂದ ದಂಟು ಎದ್ದಿತು, ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿ ಹೂಗಳು ಬಂದವು. ಹೂವಿಗಿಂತ ಎತ್ತರಕ್ಕೆ, ಊದುಬತ್ತಿ ಚುಚ್ಚಿಟ್ಟ ಹಾಗೆ, ತೆಳ್ಳನೆಯ ಕಾಯಿಗಳು ನೆಟ್ಟಗೆ ನಿಂತವು.

"ರೀ, ಬೀಜ ಆಗ್ತಾ ಇದೆ. ಕಿತ್ತು ಹಾಕಿ" ಎಂದಳು ಗೀತಾ.

"ಭಾನುವಾರ" ಎಂದೆ.

ಭಾನುವಾರಕ್ಕೆ ಮೊದಲೇ ಮಳೆ ಬಿಟ್ಟು ಬಿಸಿಲು ಬಂತು. ಒಂದು ಕಾಯಿಯನ್ನು ಬೆರಳಿನಿಂದ ಮುಟ್ಟಿದೆ ಅಷ್ಟೇ. 'ಚಟ್' ಎಂದಿತು. ಕಾಯಿಯ ಎರಡು ಸಿಪ್ಪೆಗಳೂ ಸುರುಳಿ ಸುತ್ತಿಕೊಂಡು, ಬೀಜವೆಲ್ಲ ನನ್ನ ಕನ್ನಡಕಕ್ಕೆ ಬಂದು ಬಡಿಯಿತು. ಕನ್ನಡಕ ಇಲ್ಲದಿದ್ದರೆ ಶಿವಮೊಗ್ಗಕ್ಕೆ ಹೋಗುವ ಸರದಿ ನನ್ನದಾಗುತ್ತಿತ್ತು.

ಗೀತಾ ತಂಗಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಭಾವ, ಹೂವಿಗೆ ನಾಲ್ಕು ಎಸಳು ಇದ್ಯಾ, ಕೂಡಿಸೋ ಚಿಹ್ನೆ ಥರ?"

"ಇದೆ."

"ಸಾಸಿವೆ ವಂಶದ್ದು, ಕಾಡು ಸಾಸಿವೆ ಅನ್ನಿ. ಮೂಲಂಗಿ, ಎಲೆಕೋಸು ಎಲ್ಲ ಇದರ ದಾಯಾದಿಗಳು. ಇದಕ್ಕೆ ದುಂಬಿ, ಚಿಟ್ಟೆ ಯಾರೂ ಬೇಕಾಗಿಲ್ಲ, ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟತ್ತೆ. ಗೆಡ್ಡೆ ಜೊತೆ, ನರ್ಸರಿ ಮಣ್ಣಿನ ಜೊತೆ ಊರಿಂದೂರಿಗೆ ಹೋಗತ್ತೆ. ಒಣಗಿದಾಗ ಮುಟ್ಟಲೇಬೇಡಿ. ಬೆಳಿಗ್ಗೆ ಮುಂಚೆ, ಒದ್ದೆ ಇರ್ಬೇಕಾದ್ರೆ, ಮೇಲೊಂದು ಪ್ಲಾಸ್ಟಿಕ್ ಕೊಟ್ಟೆ ಮುಚ್ಚಿ ಮೆತ್ತಗೆ ಕೀಳಿ. ಅಷ್ಟೇ."

ಇಷ್ಟು ಸರಳವಾದ ಉಪಾಯವನ್ನು ನನ್ನಂಥ ಮೆಕ್ಯಾನಿಕ್ ಒಪ್ಪಲು ಸಾಧ್ಯವೇ? ನನ್ನ ಅಂಗಡಿಯಲ್ಲಿ ಕಂಪ್ಯೂಟರಿನ ಧೂಳು ತೆಗೆಯುವ ಬ್ಲೋವರ್ ಇದೆ. ಪೈಪನ್ನು ಒಂದು ಬಾಯಿಗೆ ಸಿಕ್ಕಿಸಿದರೆ ಗಾಳಿ ಊದುತ್ತದೆ, ಇನ್ನೊಂದು ಬಾಯಿಗೆ ಸಿಕ್ಕಿಸಿದರೆ ಎಳೆದುಕೊಳ್ಳುತ್ತದೆ. ಕಾಯಿಗಳೆಲ್ಲ ಸಿಡಿಯಲಿ, ಸಿಡಿದ ಬೀಜವನ್ನೆಲ್ಲ ಚೀಲದೊಳಕ್ಕೆ ಎಳೆದುಬಿಡುವುದು. ವೈಜ್ಞಾನಿಕ ಪರಿಹಾರ.

ಮಧ್ಯಾಹ್ನದ ಬಿಸಿಲಿನಲ್ಲಿ ವೈರು ಎಳೆದು, ಕಟ್ಟೆಯ ಮುಂದೆ ನಿಂತು, ಸ್ವಿಚ್ ಹಾಕಿದೆ. ಬೆಳಿಗ್ಗೆ ಅದೇ ಬ್ಲೋವರಿನಲ್ಲಿ ಧೂಳು ಊದಿದ್ದೆ. ಪೈಪು ಊದುವ ಬಾಯಲ್ಲೇ ಇತ್ತು.

ಪಟಪಟಪಟ ಎಂದು ದೀಪಾವಳಿ ಸರದ ಹಾಗೆ ಸಿಡಿದ ಕಾಯಿಗಳ ಬೀಜವೆಲ್ಲ ನನ್ನ ಯಂತ್ರದ ಕೃಪೆಯಿಂದ ಉಳಿದ ಅಷ್ಟೂ ಕುಂಡಗಳಿಗೆ ಸಮನಾಗಿ ಹಂಚಿಹೋಯಿತು. ಯಾವ ಕುಂಡಕ್ಕೂ ಅನ್ಯಾಯವಾಗಲಿಲ್ಲ. ಬೇಲಿಯಾಚೆ ನಮ್ಮ ಮನೆಯ ತಂತಿಯ ಮೇಲೆ ಒದ್ದೆ ಬಟ್ಟೆ ಇತ್ತು. ನೀರು ತಾಗಿದರೆ ಈ ಬೀಜ ಕಾಮಕಸ್ತೂರಿ ಬೀಜದ ಹಾಗೆ ಅಂಟಾಗುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು ನನ್ನ ಬಿಳಿ ಪಂಚೆಯನ್ನು ನೋಡಿದಾಗ. ಅದನ್ನು ಅಲ್ಲೇ ತಂತಿಯ ಕೆಳಗೆ ಕೊಡವಿ, ಜಾಲಿಸಿ, ಮತ್ತೆ ಕೊಡವಿದೆ.

"ಊದಿದ್ದು ಸಾಲ್ದು ಅಂತ ಬಿತ್ತನೆ ಬೇರೆ ಮಾಡ್ತಾ ಇದ್ದೀರಾ?" ಎಂದಳು ಗೀತಾ.

ಅವಳ ಕೋಪಕ್ಕೆ ಬೇರೆಯೇ ಕಾರಣವಿತ್ತು. ಶಿವಮೊಗ್ಗದಿಂದ ರಾಮಚಂದ್ರ ಫೋನು ಮಾಡಿದ್ದ. ಆಪರೇಷನ್ ಚೆನ್ನಾಗಿಯೇ ಆಗಿದೆ, ಆದರೆ ಶಾರದಕ್ಕ ನಡೆಯುತ್ತಿಲ್ಲ. ಎಲ್ಲಿ ಬೀಳುತ್ತೇನೋ ಎಂಬ ಹೆದರಿಕೆ. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿಬಂದರೆ ಮುಗಿಯಿತು. ಹೀಗೇ ಕುಳಿತರೆ ಕಾಲು ಬಿಗಿದು ನಿಂತುಬಿಡುತ್ತದೆ ಎಂದು ಡಾಕ್ಟರು ಬಯ್ದಿದ್ದಾರಂತೆ. "ಡೇರೆ ಹೂ ನೋಡೋ ಆಸೆಗಾದ್ರೂ ನಾಲ್ಕು ಹೆಜ್ಜೆ ಹಾಕ್ತಾಳೇನೋ. ಅದೊಂದೇ ಧೈರ್ಯ" ಎಂದಿದ್ದ.

ಅದಕ್ಕೇ ಗೀತಾ ದಿನವೂ ಹೂವಿನ ಫೋಟೋ ಕಳಿಸುತ್ತಿದ್ದಳು. ಬ್ಲೋವರ್ ಪ್ರಕರಣವಾಗಿ ವಾರ ಕಳೆದು ಎಲ್ಲ ಕುಂಡಗಳಲ್ಲೂ ಹಸಿರು ಜಮಖಾನೆ ಹಾಸಿದ ಮೇಲೆ, ಫೋಟೋದಲ್ಲಿ ಬರೀ ಹೂವೇ ಬರುವ ಹಾಗೆ ಕತ್ತರಿಸಿ ಕಳಿಸತೊಡಗಿದಳು.

ಮರುದಿನವೇ ಶಾರದಕ್ಕನ ಫೋನು. "ಗೀತಾ, ಹೂ ಚೆನ್ನಾಗಿದೆ. ಕುಂಡ ಯಾಕೆ ಕಾಣ್ತಾ ಇಲ್ಲ?"

"ಮೊಬೈಲು ಹಳೇದು ಅಕ್ಕ" ಎಂದಳು ನನ್ನ ಹೆಂಡತಿ. ಮದುವೆಯಾದ ಮೇಲೆ ಅವಳು ನನಗಾಗಿ ಹೇಳಿದ ಮೊದಲ ಸುಳ್ಳು ಅದು ಎಂದು ಆಮೇಲೆ ನನಗೆ ತಿಳಿಸಲಾಯಿತು.

ನಾನು ದಿನವೂ ಕಳೆ ಕಿತ್ತೆ. ಮುಂದಿನ ಕುಂಡ ಮುಗಿಸುವಷ್ಟರಲ್ಲಿ ಹಿಂದಿನದರಲ್ಲಿ ಮತ್ತಷ್ಟು ಹುಟ್ಟುತ್ತಿದ್ದವು. ಗಡಿಬಿಡಿಯಲ್ಲಿ ಒಂದು ಸಂಜೆ ಮೊಣಕೈ ತಾಗಿ, ಇನ್ನೂ ಮೊಗ್ಗು ಕಟ್ಟದ ಆ ತೀರ್ಥಹಳ್ಳಿ ಡೇರೆಯ ತುದಿಯೇ ಮುರಿಯಿತು. ಬಾಳೆಪಟ್ಟೆಯಿಂದ ಬ್ಯಾಂಡೇಜು ಕಟ್ಟಿದೆ. ತುದಿ ಒಣಗಿತು, ಬ್ಯಾಂಡೇಜು ಮಾತ್ರ ಗಟ್ಟಿಯಾಗಿ ಉಳಿಯಿತು.

ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಕಾರು ಬಂತು. ರಾಮಚಂದ್ರ ವಾಕರ್ ಬಿಡಿಸಿ ಇಟ್ಟ. ಶಾರದಕ್ಕ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮಗುವಿನ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಅಂಗಳಕ್ಕೆ ಬಂದು, ತಲೆಯೆತ್ತಿದರು. ಡೇರೆಗಳು ಅರಳಿದ್ದವು. ಅವುಗಳ ಬುಡದಲ್ಲಿ ನನ್ನ ಬೆಳೆ ಇತ್ತು.

"ಮಂಜು, ಇದೆಂತದು?"

"ಸಾಸಿವೆ ಜಾತಿದು ಅಕ್ಕ."

"ಜಾತಿ ಕೇಳಿದ್ನಾ ನಾನು?"

ಹಾಗೆನ್ನುತ್ತಲೇ ಒಂದು ಕೈ ಬಿಟ್ಟು ಮೊದಲನೆಯ ಕುಂಡಕ್ಕೆ ಕೈ ಹಾಕಿದರು. ಕಟ್ಟೆ ಸೊಂಟದೆತ್ತರ ಇದ್ದುದರಿಂದ ಬಗ್ಗುವ ಕೆಲಸವಿರಲಿಲ್ಲ. ಎರಡನೆಯ ಕುಂಡಕ್ಕೆ ಎರಡೂ ಕೈ ಬೇಕಾಯಿತು. "ಕಳೆ ಕೀಳೋದು ಎಂತ ಮಹಾ ಕೆಲಸ ಅಂದವ ಯಾರು? ಬೇರು ಸಮೇತ ಬರ್ಬೇಕು ಮಾರಾಯ, ಹೀಗೆ! ನೀನು ತಲೆಕೂದಲು ಕತ್ತರಿಸಿದ ಹಂಗೆ ಕಿತ್ತಿದ್ದಿ!" ಮೂರು, ನಾಲ್ಕು, ಐದು. ಬಯ್ಯುತ್ತ, ಕೀಳುತ್ತ, ಕಟ್ಟೆಯುದ್ದಕ್ಕೂ ಸಾಗಿದರು. ತೀರ್ಥಹಳ್ಳಿ ಡೇರೆಯ ಬಳಿ ನಿಂತು ಬಾಳೆಪಟ್ಟೆಯ ಬ್ಯಾಂಡೇಜನ್ನೂ, ಅದರ ಕೆಳಗಿನಿಂದ ನಾಲ್ಕೂ ಕಡೆ ಚಿಗುರಿದ್ದ ಕವಲುಗಳನ್ನೂ ನೋಡಿದರು.

"ತುದಿ ಚಿವುಟಿದ್ದು ಯಾರು?"

"ನಾನೇ ಅಕ್ಕ" ಎಂದೆ.

"ನಾನೇ ಚಿವುಟ್ಬೇಕಿತ್ತು, ಹೊರಡೋ ಗಡಿಬಿಡೀಲಿ ಮರ್ತಿದ್ದೆ. ಇನ್ನು ಕವಲಿಗೊಂದು ಹೂ ಬರತ್ತೆ. ಇದೊಂದು ಕೆಲಸ ಸರಿ ಮಾಡಿದ್ದಿ ನೋಡು."

ಆ ಹೊಗಳಿಕೆಯನ್ನು ನಾನು ಮೌನವಾಗಿ ಸ್ವೀಕರಿಸಿದೆ. ಗೀತಾಳೂ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದಳು.

ಅಷ್ಟರಲ್ಲಿ ರಾಮಚಂದ್ರ ಹಿಂದಿನಿಂದ ಮೆಲ್ಲಗೆ ಕರೆದ. "ಅಕ್ಕಾ, ವಾಕರ್..."

ವಾಕರ್ ಮೊದಲನೆಯ ಕುಂಡದ ಹತ್ತಿರವೇ ಒಂಟಿಯಾಗಿ ನಿಂತಿತ್ತು. ಶಾರದಕ್ಕ ತಿರುಗಿ ನೋಡಿದರು. ತಾವು ನಿಂತಿದ್ದ ಜಾಗ ನೋಡಿಕೊಂಡರು. ಒಂದು ಕ್ಷಣ ಕಟ್ಟೆಯನ್ನು ಹಿಡಿದರು, ಆಮೇಲೆ ಕೈ ಬಿಟ್ಟರು.

"ಅದನ್ನ ಮಂಜುಗೆ ಕೊಡೋ. ಇವತ್ತು ಅವನಿಗೇ ಬೇಕಾಗತ್ತೆ" ಎಂದು ಮುಂದಿನ ಕುಂಡಕ್ಕೆ ನಡೆದರು.

ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರು ಸಂತೋಷಪಟ್ಟು, ಯಾವ ವ್ಯಾಯಾಮ ಮಾಡಿದಿರಿ ಎಂದು ಕೇಳಿದರಂತೆ. "ಪಕ್ಕದ ಮನೆಯವನನ್ನ ಬಯ್ಯೋದು" ಎಂದರಂತೆ ಶಾರದಕ್ಕ.

ಮರುವರ್ಷದ ಮಳೆಗಾಲದಲ್ಲಿ ಅವರ ಕುಂಡಗಳಲ್ಲಿ ಒಂದೇ ಒಂದು ಕಾಡು ಸಾಸಿವೆಯೂ ಇರಲಿಲ್ಲ. ಅದು ನಮ್ಮ ಮನೆಯ ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಪಂಚೆಯ ಉದ್ದಕ್ಕೆ ಸರಿಯಾಗಿ, ಸಾಲು ಹಿಡಿದು ಹುಟ್ಟಿತ್ತು. ಹೂ ಬರುವ ಮೊದಲೇ ಒಂದು ಬೆಳಿಗ್ಗೆ ಶಾರದಕ್ಕ ಕೋಲಿಲ್ಲದೆ ನಡೆದು ಬಂದು, ಗೀತಾಳಿಂದ ಕೀಳಿಸಿಕೊಂಡು, ತಂಬುಳಿಗೆಂದು ಒಂದು ಹಿಡಿ ಒಯ್ದರು. ನಾನೂ ಕೀಳುತ್ತೇನೆ ಎಂದೆ. ಇಬ್ಬರೂ ಒಟ್ಟಿಗೇ ಬೇಡ ಎಂದರು.