ಪ್ಲೇಟಿನೊಳಗೆ ನಕ್ಕವರು

ಎಲ್ಲ ರಗಳೆಗೂ ಕಾರಣ ಒಂದು ಭೂತಗನ್ನಡಿ. ಎರಡನೇ ಮಹಾಯುದ್ಧದ ವರ್ಷ. ಕರಗಿಸಿ ಹೊಸದು ಮಾಡಲೆಂದು ಅಮೆರಿಕದ ಕ್ಯಾಮ್ಡೆನ್ ಊರಿನ ಮನೆಮನೆಯಿಂದ ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಒಟ್ಟುಮಾಡುತ್ತಿದ್ದರು. ಆ ರಾಶಿಯಲ್ಲಿ ಓರಿನ್ ಅಪ್ಗರ್‌ಗೆ ಮೂವತ್ತು ವರ್ಷ ಹಿಂದಿನ ಒಂದು ಹಾಸ್ಯದ ಪ್ಲೇಟು ಸಿಕ್ಕಿತು. ಒಬ್ಬರು ಕಾರ್ನೆಟ್ ತುತ್ತೂರಿಯಲ್ಲಿ ಸಾವಿನ ಮನೆಯ ರಾಗ ಊದುತ್ತಾರೆ, ಇನ್ನೊಬ್ಬರು ಬಿದ್ದು ಬಿದ್ದು ನಗುತ್ತಾರೆ. ನಗುವುದು ಗಂಡೋ ಹೆಣ್ಣೋ ತಿಳಿಯದು. ಪ್ಲೇಟಿನ ನಡುವೆ ಅಂಟಿಸಿದ ಚೀಟಿಯಲ್ಲಿ ಹೆಸರಿಲ್ಲ. ಪ್ಲೇಟಿನ ಹುಚ್ಚಿನ ಓರಿನ್ ಸುಮ್ಮನಿರದೆ ಭೂತಗನ್ನಡಿ ಹಿಡಿದ. ಚೀಟಿಯ ಅಂಚಿನಲ್ಲಿ ಯಾರೋ ಸೂಜಿಯಿಂದ ಗೀಚಿದ್ದರು: ಎಚ್. ವ್ರೀಲೆಂಡ್.

ಮಿಸ್ ಹುಲ್ಡಾ ವ್ರೀಲೆಂಡ್ ಅವನಿದ್ದ ಬಾಡಿಗೆ ಮನೆಯ ಯಜಮಾನಿ. ಊಟದ ಮೇಜಿನಲ್ಲಿ ನಕ್ಕ ತಪ್ಪಿಗೆ ಒಬ್ಬನನ್ನು ಸೂಪು ಮುಗಿಸುವ ಮೊದಲೇ ಹೊರಗೆ ಹಾಕಿದಾಕೆ. ಹಡಗು ಕಟ್ಟುವ ಕೆಲಸಕ್ಕೆ ಬಂದವರಿಂದ ಊರು ತುಂಬಿ, ಒಂದೇ ಮಂಚದಲ್ಲಿ ಮೂವರು ಪಾಳಿಯ ಮೇಲೆ ಮಲಗುತ್ತಿದ್ದ ಕಾಲ. ಈ ರೂಮು ಹೋದರೆ ಓರಿನ್‌ಗೆ ಬೀದಿಯೇ ಗತಿ.

ಪಕ್ಕದ ರೂಮಿನ ಲೆಸ್ಟರ್ ಕ್ರಮ್‌ಗೆ ವಿಷಯ ಹೇಳಿದ್ದೇ ತಪ್ಪಾಯಿತು.

"ಹಂಗಾದ್ರೆ ನಗೋಳು ನಮ್ಮ ಯಜಮಾನೀನೇ. ಹೋಗಿ ಕೇಳು ಮಾರಾಯ."

"ನೀನೇ ಕೇಳು."

"ಸಂಶೋಧಕ ನೀನಪ್ಪ. ನನಗೇನು ಗೊತ್ತು?" ಎನ್ನುತ್ತ ಲೆಸ್ಟರ್ ಅವನನ್ನು ಮೆಟ್ಟಿಲಿಳಿಸಿ, ನಡುಮನೆಯ ಬಾಗಿಲು ತಾನೇ ತಟ್ಟಿ, ಓಡಿಹೋದ.

ಓರಿನ್ ಒಳಗೆ ಕಾಲಿಟ್ಟ. ಹೆದರಿಕೆಗೆ ಹೂದಾನಿ ಉರುಳಿಸಿದ, ಚೆಲ್ಲಿದ ನೀರನ್ನು ಆಕೆ ಹೆಣೆಯುತ್ತಿದ್ದ ಶಾಲಿನಲ್ಲೇ ಒರೆಸಿದ. ಕೊನೆಗೆ ಪ್ಲೇಟನ್ನೇ ಮುಂದೆ ಹಿಡಿದ.

ಮಿಸ್ ವ್ರೀಲೆಂಡ್ ಅದನ್ನು ತೆಗೆದುಕೊಂಡು ಚೀಟಿ ನೋಡಿದಳು.

"ಇದರಲ್ಲಿ ನಗೋದು ತಾವೇ ಅಂತ..." ಎಂದ ಓರಿನ್.

"ನಗೋದಾ? ನಾನು ಊದಿದ್ದು."

ಆಕೆ ಪ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಆಗ ಹತ್ತೊಂಬತ್ತು ವರ್ಷ ನನಗೆ. ಅಪ್ಪನ ಹೆಣದ ಮುಂದೆ ಊದಿದ ರಾಗ ಅದು. ಅದನ್ನೇ ಪ್ಲೇಟಿಗೆ ಅಂತ, ದನಿ ಹಿಡಿಯೋ ದೊಡ್ಡ ಕಹಳೆಯ ಮುಂದೆ ನಿಂತು ಮನಸಾರೆ ಊದ್ತಾ ಇದ್ದೆ. ಪರದೆ ಹಿಂದೆ ಮೇಣದ ತಟ್ಟೆ ಮೇಲೆ ದನಿ ಕೊರೆಯೋ ಯಂತ್ರ ನೋಡ್ಕೊಳ್ತಿದ್ದ ಯಾರೋ ಒಬ್ಬ ನಕ್ಕುಬಿಟ್ಟ. ಕಂಪನಿಯೋರು ಅದನ್ನೇ ಹಾಸ್ಯದ ಪ್ಲೇಟು ಅಂತ ಮಾರಿದ್ರು. ಅವತ್ತಿಂದ ಯಾರ ಮುಂದೇನೂ ಊದಿಲ್ಲ. ಅವನು ಯಾರು ಅಂತ ಮೂವತ್ತು ವರ್ಷದಿಂದ ಹುಡುಕ್ತಾ ಇದೀನಿ ಅಪ್ಗರ್. ನಿಮಗೇನಾದ್ರೂ ಗೊತ್ತಾಯ್ತಾ?"

"ಇಲ್ಲ ಅಮ್ಮಾವ್ರೆ."

ಆಕೆಯ ಕಣ್ಣು ತುಂಬಿತ್ತು. ಓರಿನ್‌ಗೆ ನಿಜಕ್ಕೂ ಅಯ್ಯೋ ಎನ್ನಿಸಿತು. "ಪೂರ್ತಿ ಕೇಳೋ ಮನಸ್ಸಿದ್ರೆ ಕೂತ್ಕೊಳ್ಳಿ" ಎಂದು ಆಕೆ ಕಪಾಟಿನಿಂದ ಕಾರ್ನೆಟ್ ತೆಗೆದಳು.

ಮೊದಲ ಸ್ವರಕ್ಕೇ ಓರಿನ್ ಕೆನ್ನೆಯ ಒಳಭಾಗ ಕಚ್ಚಿಹಿಡಿದ. ಎರಡನೆಯದು, ಬಾಗಿಲ ಸಂದಿಗೆ ಬಾಲ ಸಿಕ್ಕ ಎಮ್ಮೆಯ ದನಿ. ಅವನು ರೂಮನ್ನು ನೆನೆದ, ಬೀದಿಯ ಚಳಿಯನ್ನು ನೆನೆದ, ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದ. ಆಮೇಲೆ ಆಕೆ ಕಣ್ಣು ಮುಚ್ಚಿ, ತಾರಸ್ಥಾಯಿಗೆ ಏರಿದಳು.

ಓರಿನ್ ನಕ್ಕುಬಿಟ್ಟ. ಭಯಕ್ಕೆ ಇನ್ನಷ್ಟು ನಕ್ಕ. ನಗುತ್ತ ನಗುತ್ತಲೇ ಅವನಿಗೆ ತನ್ನ ದನಿಯ ಗುರುತು ಸಿಕ್ಕಿತು. ಗಂಡೋ ಹೆಣ್ಣೋ ತಿಳಿಯದ ಆ ನಗು, ಉಸಿರೆಳೆಯುವಾಗಿನ ಆ ಬಿಕ್ಕಳಿಕೆ, ಎಲ್ಲ ಪ್ಲೇಟಿನದೇ.

ಕಾರ್ನೆಟ್ ಕೆಳಗಿಳಿಯಿತು.

"ನಿಮ್ಮ ತಂದೆ ಎಲ್ಲಿ ಕೆಲಸ ಮಾಡ್ತಿದ್ರು, ಅಪ್ಗರ್?"

"ನಾನು ಮಗುವಾಗಿದ್ದಾಗಲೇ ಹೋಗ್ಬಿಟ್ರು. ಮೇಣದ ಕೆಲಸ ಅಂತಿದ್ಲು ಅಮ್ಮ." ಓರಿನ್ ಪ್ಲೇಟಿನತ್ತ ನೋಡಿದ. "ನಾನು ಮೇಣದ ಬತ್ತಿ ಮಾಡ್ತಿದ್ರು ಅಂದ್ಕೊಂಡಿದ್ದೆ."

ಸ್ವಲ್ಪ ಹೊತ್ತಿಗೆ ತನ್ನ ಬಟ್ಟೆಯ ಪೆಟ್ಟಿಗೆ ಹೊತ್ತು ಬಂದ ಓರಿನ್‌ಗೆ ಮೆಟ್ಟಿಲ ಬಳಿ ಲೆಸ್ಟರ್ ಎದುರಾದ.

"ಸಿಕ್ಕಿದ್ರಾ ನಕ್ಕೋರು?"

"ಸಿಕ್ಕಿದ್ರು. ನಮ್ಮಪ್ಪ."

ಲೆಸ್ಟರ್ ಪೆಟ್ಟಿಗೆಯನ್ನು ನೋಡಿದ, ಅವನ ಮುಖವನ್ನು ನೋಡಿದ.

"ಪಾಪ. ಹಂಗಾದ್ರೆ ನಿನ್ನ ರೂಮಿಗೆ ನನ್ನ ಭಾವಮೈದುನನ್ನ ಬಾ ಅನ್ಲಾ?"